ಹಿಂಬದಿಯ ಬೇರಿಂಗ್

ಸಕ್ಕರೆ ಕಾರ್ಖಾನೆಯಲ್ಲಿ ದಿನವೂ ಬೆಳಿಗ್ಗೆ ಒಂದು ವರದಿ ತಯಾರಾಗುತ್ತದೆ. ನಿನ್ನೆ ಎಷ್ಟು ಟನ್ ಕಬ್ಬು ನುರಿಸಿದೆವು, ಇಳುವರಿ ಎಷ್ಟು ಬಂತು, ಎಷ್ಟು ವಿದ್ಯುತ್ ಹೊರಗೆ ಕಳುಹಿಸಿದೆವು ಎಂಬ ಲೆಕ್ಕಗಳೆಲ್ಲ ಮುಗಿದ ಮೇಲೆ ಕೊನೆಗೆ ಬರುವುದು ನಿಂತ ಗಂಟೆಗಳ ಲೆಕ್ಕ. ಅದಕ್ಕೆ ಬೇರೆ ಬೇರೆ ಕಾಲಂಗಳಿವೆ. ಕಬ್ಬು ಇಲ್ಲದೆ ನಿಂತದ್ದು, ಮೆಕ್ಯಾನಿಕಲ್ ಕಾರಣಕ್ಕೆ ನಿಂತದ್ದು, ಎಲೆಕ್ಟ್ರಿಕಲ್ ಕಾರಣಕ್ಕೆ ನಿಂತದ್ದು, ಪ್ರೋಸೆಸ್ ವಿಭಾಗದಿಂದ ನಿಂತದ್ದು, ಇತರೆ. ಹತ್ತು ನಿಮಿಷ ನಿಂತರೂ ಅದು ಯಾರದಾದರೂ ಹೆಸರಿಗೆ ಬೀಳಲೇಬೇಕು. ನಿರ್ವಹಣಾ ಇಂಜಿನಿಯರ್ ಆಗಿ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಯಂತ್ರಗಳಿಗಿಂತ ಹೆಚ್ಚು ಹೆದರಿದ್ದು ಈ ಕಾಲಂಗಳಿಗೆ.

ನನ್ನ ಕೆಲಸ ಬಾಗಲಕೋಟೆ ಜಿಲ್ಲೆಯಲ್ಲಿ, ಮುಧೋಳ ಸೀಮೆಯ ಒಂದು ಕಾರ್ಖಾನೆಯಲ್ಲಿ. ಘಟಪ್ರಭೆಯ ನೀರು ಹರಿಯುವ ನೆಲ ಇದು. ಕಣ್ಣು ಹಾಯಿಸಿದಷ್ಟೂ ಕಬ್ಬು. ನವೆಂಬರಿನಲ್ಲಿ ಹಂಗಾಮು ಶುರುವಾದರೆ ನಾಲ್ಕೈದು ತಿಂಗಳು ಹಗಲು ರಾತ್ರಿ ಎನ್ನುವುದಿಲ್ಲ. ಎರಡೆರಡು ಟ್ರೇಲರ್ ಎಳೆದುಕೊಂಡು ಬರುವ ಟ್ರ್ಯಾಕ್ಟರುಗಳು, ಚಕ್ಕಡಿಗಳು ಅಂಗಳದ ತುಂಬ ಸಾಲುಗಟ್ಟಿರುತ್ತವೆ. ಗಿರಣಿ ನಿಂತಿತೆಂದರೆ ಮೊದಲು ಗೊತ್ತಾಗುವುದು ಆ ಸಾಲಿಗೇ. ಕಡಿದ ಕಬ್ಬು ಒಣಗುತ್ತ ಹೋದಂತೆ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಟ್ರೇಲರಿನ ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತ ರೈತ “ಯಾವಾಗ ಶುರುವಾಗುತ್ತದೆ, ಸಾಹೇಬರೇ?” ಎಂದು ಕೇಳುವಾಗ ಅದು ಯಾವ ಕಾಲಂನಲ್ಲಿ ಬೀಳುತ್ತದೆ ಎಂಬುದು ಅವನಿಗೆ ಬೇಕಿರುವುದಿಲ್ಲ.

ನಾನು ಓದಿದ್ದು ಮೆಕ್ಯಾನಿಕಲ್. ಬಾಯ್ಲರ್ ವಿಭಾಗದ ಮೆಕ್ಯಾನಿಕಲ್ ನಿರ್ವಹಣೆಗೆಂದೇ ನನ್ನನ್ನು ತೆಗೆದುಕೊಂಡಿದ್ದರು. ಎಲೆಕ್ಟ್ರಿಕಲ್ ವಿಭಾಗ ಬೇರೆ, ಅದರ ಮುಖ್ಯಸ್ಥರು ಬೇರೆ, ಅವರ ಸ್ಟೋರಿನ ಬೀಗವೂ ಬೇರೆ. ಮೋಟಾರಿನ ಶಾಫ್ಟನ್ನು ಯಂತ್ರಕ್ಕೆ ಕೂಡಿಸುವ ಕಪ್ಲಿಂಗ್ ನಮ್ಮದು, ಮೋಟಾರು ಅವರದು. ಹಾಗಾದರೆ ಮೋಟಾರಿನೊಳಗೆ ಶಾಫ್ಟನ್ನು ಹೊತ್ತು ಸರಾಗವಾಗಿ ತಿರುಗಲು ಬಿಡುವ ಬೇರಿಂಗ್ ಯಾರದು? ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಬೇರಿಂಗ್ ಬದಲಾಯಿಸುವುದು ನಮ್ಮ ಫಿಟ್ಟರುಗಳು, ಮೋಟಾರು ಬಿಚ್ಚಿಕೊಡುವುದು ಅವರ ವಾಯರ್‌ಮನ್‌ಗಳು. ಸರಿಯಾಗಿ ನಡೆಯುವವರೆಗೆ ಯಾರೂ ಕೇಳುವುದಿಲ್ಲ.

ನಾನು ಹೇಳಬೇಕೆಂದಿರುವುದು ಬಾಯ್ಲರಿನ ಐಡಿ ಫ್ಯಾನ್ ಮೋಟಾರಿನ ಕಥೆ. ಒಲೆಯೊಳಗೆ ಉರಿದ ಹೊಗೆಯನ್ನು ಎಳೆದು ಚಿಮಣಿಗೆ ಕೊಡುವ ದೊಡ್ಡ ಫ್ಯಾನ್ ಅದು. ನಮ್ಮದು ಚದರ ಸೆಂಟಿಮೀಟರಿಗೆ 87 ಕೆ.ಜಿ. ಒತ್ತಡದ, 515 ಡಿಗ್ರಿ ಉಗಿಯ ಬಾಯ್ಲರ್. ಉರುವಲು ಕಬ್ಬಿನ ಸಿಪ್ಪೆ. ಗಿರಣಿಯಿಂದ ಬರುವ ಸಿಪ್ಪೆಯಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಹಾಗಾಗಿ ಹೊಗೆಯ ಪ್ರಮಾಣ ದೊಡ್ಡದು, ಅದರ ಜೊತೆ ಹಾರಿ ಬರುವ ಬೂದಿಯೂ ಬಹಳ. ಎರಡು ಐಡಿ ಫ್ಯಾನ್‌ಗಳಿವೆ, ಒಂದೊಂದಕ್ಕೂ 250 ಕಿಲೋವ್ಯಾಟಿನ ಮೋಟಾರು. ಒಂದು ನಿಂತರೆ ಉಗಿ ಅರ್ಧಕ್ಕೆ ಇಳಿಯುತ್ತದೆ; ಟರ್ಬೈನ್ ಸೋಲುತ್ತದೆ, ಗಿರಣಿ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇ ಬಿಡುತ್ತದೆ.

ಆ ವರ್ಷ ಬಿಡುವಿನ ತಿಂಗಳುಗಳಲ್ಲಿ ಆಡಳಿತ ಮಂಡಳಿ ಒಂದು ಫ್ಯಾನಿಗೆ ವಿಎಫ್‌ಡಿ, ಅಂದರೆ ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ವಿದ್ಯುತ್ ಪೆಟ್ಟಿಗೆ, ಹಾಕಿಸಿತು. ಅಲ್ಲಿಯವರೆಗೆ ಎರಡೂ ಮೋಟಾರುಗಳು ಪೂರ್ಣ ವೇಗದಲ್ಲಿ ತಿರುಗುತ್ತಿದ್ದವು. ಗಾಳಿ ಕಡಿಮೆ ಬೇಕಾದಾಗ ಡ್ಯಾಂಪರ್ ಮುಚ್ಚುತ್ತಿದ್ದೆವು. ಕಾಲುವೆಗೆ ಪೂರ್ತಿ ನೀರು ಬಿಟ್ಟು ತೂಬಿನ ಬಾಯಿಗೆ ಕಲ್ಲಿಟ್ಟ ಹಾಗೆ. ವಿಎಫ್‌ಡಿ ಮೋಟಾರಿನ ವೇಗವನ್ನೇ ಇಳಿಸುತ್ತದೆ. ಫ್ಯಾನಿನ ವಿಷಯದಲ್ಲಿ ಇದರ ಲಾಭ ಸಣ್ಣದಲ್ಲ, ಏಕೆಂದರೆ ಫ್ಯಾನು ಬೇಡುವ ಶಕ್ತಿ ವೇಗದ ಘನದ ಪ್ರಮಾಣದಲ್ಲಿ ಇಳಿಯುತ್ತದೆ. 50 ಹರ್ಟ್ಸ್ ಬದಲು 40 ಹರ್ಟ್ಸಿನಲ್ಲಿ ಓಡಿಸಿದರೆ ವೇಗ ಶೇಕಡ 80, ಶಕ್ತಿ ಶೇಕಡ 51 ಮಾತ್ರ. ಉಳಿದ ವಿದ್ಯುತ್ತನ್ನು ಮಾರಬಹುದು. ಒಂದಕ್ಕೆ ಹಾಕಿ ನೋಡೋಣ, ಚೆನ್ನಾಗಿದ್ದರೆ ಮುಂದಿನ ವರ್ಷ ಇನ್ನೊಂದಕ್ಕೆ ಎಂದು ತೀರ್ಮಾನವಾಯಿತು. ಆ ನಿರ್ಧಾರ ಸರಿಯಾಗಿಯೇ ಇತ್ತು ಎಂದು ಇಂದಿಗೂ ಹೇಳುತ್ತೇನೆ. ಮೋಟಾರು ಹಳೆಯದೇ, ಕೇಬಲ್ ಹಳೆಯದೇ, ನಡುವೆ ಒಂದು ಹೊಸ ಪೆಟ್ಟಿಗೆ. ಅಳವಡಿಸಲು ಬಂದವರು ಎರಡು ದಿನದಲ್ಲಿ ಕೆಲಸ ಮುಗಿಸಿ, ಓಡಿಸಿ ತೋರಿಸಿ ಹೋದರು.

ಎಳ್ಳು ಅಮಾವಾಸ್ಯೆಯ ರಾತ್ರಿ ಅದು ಕೈಕೊಟ್ಟಿತು.

ನಮ್ಮ ಕಡೆ ಎಳ್ಳು ಅಮಾವಾಸ್ಯೆ ಎಂದರೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುವ ದಿನ. ಪಾಳಿಯಲ್ಲಿ ಅರ್ಧ ಜನ ಇರಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಬಾಯ್ಲರ್ ಕಂಟ್ರೋಲ್ ರೂಮಿನಿಂದ ಫೋನ್ ಬಂತು: ವಿಎಫ್‌ಡಿ ಫ್ಯಾನ್ ಟ್ರಿಪ್ ಆಗಿದೆ. ನಾನು ಓಡಿ ಹೋಗುವಷ್ಟರಲ್ಲಿ ಮೋಟಾರಿನ ಹಿಂಬದಿಯ ಮುಚ್ಚಳದಿಂದ ಸುಟ್ಟ ಗ್ರೀಸಿನ ವಾಸನೆ ಬರುತ್ತಿತ್ತು, ಹೌಸಿಂಗ್ ಮುಟ್ಟಲಾಗದಷ್ಟು ಬಿಸಿ. ಹಿಂಬದಿ ಎಂದರೆ ಕಪ್ಲಿಂಗ್ ಇಲ್ಲದ, ಕೂಲಿಂಗ್ ಫ್ಯಾನ್ ಇರುವ ಕಡೆ. ಬಿಚ್ಚಿ ನೋಡಿದರೆ ಬೇರಿಂಗಿನ ಗುಂಡುಗಳನ್ನು ಅಂತರದಲ್ಲಿ ಹಿಡಿದಿಡುವ ಕೇಜ್ ಚೂರುಚೂರಾಗಿ, ಗುಂಡುಗಳು ಒಂದೇ ಕಡೆ ಗುಂಪಾಗಿ, ಒಳ ಉಂಗುರ ನೀಲಿ ಬಣ್ಣಕ್ಕೆ ತಿರುಗಿತ್ತು.

6319 ಸಂಖ್ಯೆಯ ಬೇರಿಂಗ್ ಅದು. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಶಾಫ್ಟಿನ ವ್ಯಾಸ ಸಿಗುತ್ತದೆ: 95 ಮಿಲಿಮೀಟರ್. ಇದನ್ನು ನನಗೆ ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟವರು ನಮ್ಮ ಹಿರಿಯ ಫಿಟ್ಟರ್. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಾರೆ, ನಾನೂ ಹಾಗೆಯೇ. ಹಬ್ಬದ ಊಟ ಮುಗಿಸಿ ಮಲಗಿದ್ದವರನ್ನು ಎಬ್ಬಿಸಿ ಕರೆಸಿಕೊಂಡೆ. ಬಂದವರು ಒಂದು ಮಾತೂ ಆಡದೆ ಪುಲ್ಲರ್ ಹಾಕಿ ಒಳ ಉಂಗುರವನ್ನು ಎಳೆದರು, ಶಾಫ್ಟಿನ ಮೇಲ್ಮೈಯನ್ನು ಬಟ್ಟೆಯಲ್ಲಿ ಒರೆಸಿ ಉಗುರಿನಿಂದ ಸವರಿ ನೋಡಿದರು. ಹೊಸ ಬೇರಿಂಗನ್ನು ಹೀಟರಿನಲ್ಲಿ 110 ಡಿಗ್ರಿಗೆ ಕಾಯಿಸಿ, ಕೈಗವಸು ಹಾಕಿಕೊಂಡು ಒಂದೇ ನೂಕಿಗೆ ಕೂರಿಸಿದರು. ಸುತ್ತಿಗೆ ಮುಟ್ಟಲಿಲ್ಲ. ಬೇರಿಂಗಿಗೆ ನೇರವಾಗಿ ಸುತ್ತಿಗೆ ಬಡಿಯುವವರನ್ನು ಕಂಡರೆ ಕಾಕಾ ಮಗುವಿಗೆ ಹೊಡೆದವರನ್ನು ಕಂಡಂತೆ ಸಿಟ್ಟಾಗುತ್ತಾರೆ. ಬೆಳಗಿನ ಜಾವ ಐದಕ್ಕೆ ಫ್ಯಾನು ಮತ್ತೆ ತಿರುಗಿತು. ಹಳೆಯ ಬೇರಿಂಗಿನ ಚೂರುಗಳನ್ನು ಗುಜರಿಯ ಡಬ್ಬಿಗೆ ಎಸೆದೆವು. ವರದಿಯಲ್ಲಿ ಆರು ಗಂಟೆ ಮೆಕ್ಯಾನಿಕಲ್ ಕಾಲಂಗೆ ಬಿತ್ತು.

ಫೆಬ್ರವರಿಯ ಮೊದಲ ವಾರದಲ್ಲಿ ಅದೇ ಮೋಟಾರು, ಅದೇ ಬೇರಿಂಗ್, ಅದೇ ರೀತಿ ಹೋಯಿತು.

ಈ ಬಾರಿ ಬೆಳಗಿನ ಸಭೆಯಲ್ಲಿ ಜೋರು ಮಾತುಗಳಾದವು. ಎಲೆಕ್ಟ್ರಿಕಲ್ ಮುಖ್ಯಸ್ಥರು ಕಾಗದ ಇಟ್ಟುಕೊಂಡೇ ಬಂದಿದ್ದರು. ಮೆಗ್ಗರಿನಲ್ಲಿ, ಅಂದರೆ ತಂತಿ ಸುತ್ತಿನ ನಿರೋಧ ಅಳೆಯುವ ಮೀಟರಿನಲ್ಲಿ, ವೈಂಡಿಂಗ್ ಚೆನ್ನಾಗಿದೆ, ಮೂರೂ ಫೇಸಿನ ಕರೆಂಟ್ ಸಮವಾಗಿದೆ, ವಿಎಫ್‌ಡಿಯಲ್ಲಿ ಯಾವ ದೋಷವೂ ದಾಖಲಾಗಿಲ್ಲ. ಓವರ್‌ಲೋಡ್ ಬಂದದ್ದು ಬೇರಿಂಗ್ ಹಿಡಿದುಕೊಂಡ ಮೇಲೆ. “ಜೋಡಣೆ ಸರಿಯಿಲ್ಲ, ಇಲ್ಲವೇ ಗ್ರೀಸ್ ಸರಿಯಿಲ್ಲ. ನಿಮ್ಮ ಕಡೆ ನೋಡಿಕೊಳ್ಳಿ” ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರು ಅಳೆದದ್ದೆಲ್ಲ ಸರಿಯಾಗಿಯೇ ಇತ್ತು. ನನಗೆ ಉತ್ತರ ಹೊಳೆಯಲಿಲ್ಲ. ತಲೆ ತಗ್ಗಿಸಿ ಬಂದೆ.

ಆಮೇಲೆ ನಾನು ಮಾಡಿದ್ದು ನನಗೆ ಗೊತ್ತಿದ್ದದ್ದನ್ನೆಲ್ಲ. ಡಯಲ್ ಗೇಜ್ ಕಟ್ಟಿ ಕಪ್ಲಿಂಗ್ ಜೋಡಣೆ ನೋಡಿದೆವು. ಐದು ಗೆರೆಯೊಳಗೆ, ಅಂದರೆ 0.05 ಮಿಲಿಮೀಟರಿನೊಳಗೆ ತಂದು ನಿಲ್ಲಿಸಿದೆವು. ಬೂದಿ ಸವೆಸಿ ಸವೆಸಿ ಫ್ಯಾನಿನ ರೆಕ್ಕೆಗಳ ತೂಕದಲ್ಲಿ ಏರುಪೇರಾಗಿರಬಹುದೆಂದು, ಇದ್ದಲ್ಲಿಯೇ ಪರೀಕ್ಷಾ ತೂಕ ಬೆಸೆದು ಬ್ಯಾಲೆನ್ಸ್ ಮಾಡಿಸಿದೆವು. ಕಂಪನ ಸೆಕೆಂಡಿಗೆ 2 ಮಿಲಿಮೀಟರಿಗಿಂತ ಕೆಳಗೆ ಬಂತು. ಅಂಥ ಮೋಟಾರಿಗೆ ಅದು ಒಳ್ಳೆಯ ಅಂಕಿ. ಗ್ರೀಸಿನ ಲೆಕ್ಕ ಹಾಕಿದೆ. ಬೇರಿಂಗಿನ ಹೊರ ವ್ಯಾಸ 200, ಅಗಲ 45. ಎರಡನ್ನೂ ಗುಣಿಸಿ 0.005ರಿಂದ ಮತ್ತೆ ಗುಣಿಸಿದರೆ 45 ಗ್ರಾಂ. ಗ್ರೀಸ್ ಗನ್ನಿನ ಒಂದು ಒತ್ತಿಗೆ ಎಷ್ಟು ಗ್ರಾಂ ಬರುತ್ತದೆ ಎಂದು ತಕ್ಕಡಿಯಲ್ಲಿ ತೂಗಿ, ಎಷ್ಟು ಒತ್ತು ಹಾಕಬೇಕೆಂದು ಮೋಟಾರಿನ ಮೇಲೆ ಬಣ್ಣದಲ್ಲಿ ಬರೆಸಿದೆ. ಕಡಿಮೆಯಾದರೆ ಸವೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚಾದರೆ ಗುಂಡುಗಳು ಗ್ರೀಸನ್ನೇ ಕಡೆಯುತ್ತ ಬಿಸಿಯಾಗುತ್ತವೆ ಎಂಬುದು ಸಹಾಯಕ ಹುಡುಗರಿಗೆ ಗೊತ್ತಿರುವುದಿಲ್ಲ. ಈ ಕೆಲಸಗಳೆಲ್ಲ ಮಾಡಲೇಬೇಕಾದವು. ಮಾಡಿದ್ದಕ್ಕೆ ವ್ಯಥೆಯಿಲ್ಲ. ಆದರೆ ರೋಗ ಅಲ್ಲಿರಲಿಲ್ಲ.

ಒಂದು ಸಂಜೆ ಬಾಯ್ಲರ್ ಕೆಳಗೆ ಚಹಾ ಕುಡಿಯುತ್ತ ಕುಳಿತಿದ್ದಾಗ ಕಾಕಾ ಹೇಳಿದರು: “ಸಾಹೇಬರೇ, ಜೋಡಣೆ ತಪ್ಪಿದ್ದರೆ ಮೊದಲು ಸಾಯಬೇಕಾದದ್ದು ಕಪ್ಲಿಂಗ್ ಕಡೆಯ ಬೇರಿಂಗ್. ಫ್ಯಾನಿನ ತೂಕ ತಪ್ಪಿದ್ದರೂ ಅದೇ. ಅದು ಗುಂಡುಕಲ್ಲಿನಂತೆ ಗಟ್ಟಿಯಾಗಿದೆ. ಎರಡು ಸಲವೂ ಹೋದದ್ದು ಹಿಂದಿನದು. ಇನ್ನೊಂದು ಫ್ಯಾನಿಗೂ ಇದೇ ಮೋಟಾರು, ಇದೇ ಗ್ರೀಸು, ಇದೇ ಕೈ. ಅದಕ್ಕೆ ಏನೂ ಆಗಿಲ್ಲ.”

ನಾನು ಕೈಯಲ್ಲಿದ್ದ ಲೋಟವನ್ನು ಹಾಗೆಯೇ ಹಿಡಿದುಕೊಂಡು ಕುಳಿತೆ. ಎರಡು ಮೋಟಾರುಗಳ ನಡುವೆ ಇದ್ದ ವ್ಯತ್ಯಾಸ ಒಂದೇ. ಅದನ್ನು ಅವರು ಹೆಸರಿಟ್ಟು ಹೇಳಲಿಲ್ಲ, ಅವರಿಗೆ ಅದರ ಪರಿಚಯವೂ ಇರಲಿಲ್ಲ. ಆದರೆ ಬೆರಳು ತೋರಿಸಿದ್ದು ನೇರ ಆ ಹೊಸ ಪೆಟ್ಟಿಗೆಯ ಕಡೆಗೆ. ವಿಎಫ್‌ಡಿಯಿಂದ ಬೇರಿಂಗ್ ಹಾಳಾಗಬಹುದೆಂದು ಬೇರಿಂಗ್ ಕಂಪನಿಯೊಂದರ ಕೈಪಿಡಿಯಲ್ಲಿ ಎಂದೋ ಓದಿದ್ದು ಮಸುಕಾಗಿ ನೆನಪಿತ್ತು. ಅಲ್ಲಿ ಒಂದು ಚಿತ್ರವೂ ಇತ್ತು. ಆದರೆ ನಮ್ಮ ಎರಡು ಬೇರಿಂಗುಗಳು ಆ ಚಿತ್ರದಂತೆ ಇದ್ದವೇ ಎಂದು ನೋಡಲು ಅವು ಉಳಿದಿರಲೇ ಇಲ್ಲ. ಪೂರ್ತಿ ಪುಡಿಯಾದ ಬೇರಿಂಗಿನಲ್ಲಿ ಕೊನೆಯ ಕ್ಷಣದ ಗಾಯಗಳು ಮಾತ್ರ ಇರುತ್ತವೆ, ಮೊದಲ ಗಾಯ ಅವುಗಳ ಕೆಳಗೆ ಅಳಿಸಿ ಹೋಗಿರುತ್ತದೆ. ಮೂರನೆಯದನ್ನು ಅದು ಸಾಯುವ ಮೊದಲೇ ಹೊರಗೆ ತೆಗೆಯಬೇಕಿತ್ತು.

ಅಂದಿನಿಂದ ದಿನಕ್ಕೆರಡು ಬಾರಿ ಆ ಮೋಟಾರಿನ ಬಳಿ ಹೋದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಹೌಸಿಂಗಿನ ಮೇಲಿಟ್ಟು ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರೆ ಒಳಗಿನ ಸದ್ದು ನೇರ ತಲೆಯೊಳಗೆ ಬರುತ್ತದೆ. ಆರೋಗ್ಯವಾಗಿರುವ ಬೇರಿಂಗಿನದು ಒಂದೇ ಸಮನಾದ ಮೆಲುದನಿ, ದೂರದಲ್ಲಿ ಮಳೆ ಸುರಿಯುವಂತೆ. ಫೆಬ್ರವರಿ ಮುಗಿಯುವವರೆಗೂ ಹಾಗೆಯೇ ಇತ್ತು. ಮಾರ್ಚ್ ಮೊದಲ ವಾರದಲ್ಲಿ ಅದರೊಳಗೆ ಸಣ್ಣಗೆ ಒಂದು ಊಳು ಸೇರಿಕೊಂಡಿತು. ಕೀರಲು ಅಲ್ಲ, ಬಡಿತವೂ ಅಲ್ಲ. ಡಾಂಬರು ಕಿತ್ತು ಸಣ್ಣ ಸಣ್ಣ ಉಬ್ಬು ಬಿದ್ದ ರಸ್ತೆಯಲ್ಲಿ ಬಸ್ಸಿನ ಚಕ್ರ ಹೊರಡಿಸುವ ಮೊರೆತದಂಥದ್ದು. ವೇಗ ಇಳಿಸಿದರೆ ಊಳಿನ ಸ್ವರವೂ ಇಳಿಯುತ್ತಿತ್ತು. ಕಂಪನದ ಒಟ್ಟು ಅಂಕಿ ಇನ್ನೂ ಮೂರನ್ನೂ ಮುಟ್ಟಿರಲಿಲ್ಲ. ಕಾಕಾನನ್ನು ಕರೆದು ಸ್ಕ್ರೂಡ್ರೈವರ್ ಕೊಟ್ಟೆ. ಕಣ್ಣು ಮುಚ್ಚಿ ಕೇಳಿದರು. “ಹೊರಟಿದೆ” ಎಂದರು.

ಕಷ್ಟವಾದದ್ದು ಅದರ ನಂತರ. ಓಡುತ್ತಿರುವ ಫ್ಯಾನನ್ನು ನಿಲ್ಲಿಸಿ ಎಂದು ಕೇಳಬೇಕಿತ್ತು. ಹಂಗಾಮು ಮುಗಿಯಲು ಮೂರು ವಾರ ಉಳಿದಿತ್ತು, ಅಂಗಳದಲ್ಲಿ ಕಬ್ಬು ತುಂಬಿತ್ತು. ಮುಖ್ಯ ಇಂಜಿನಿಯರ್ ಮುಂದೆ ನಿಂತು, ಆರು ಗಂಟೆ ಕೊಡಿ, ಈ ಬೇರಿಂಗನ್ನು ಇಡಿಯಾಗಿ ಹೊರಗೆ ತೆಗೆಯಬೇಕು ಎಂದೆ. ಅವರು ಕೇಳಿದ ಮೊದಲ ಪ್ರಶ್ನೆ ನಿರೀಕ್ಷಿಸಿದ್ದೇ: “ಯಾರ ಕಾಲಂ?” ನಮ್ಮದಕ್ಕೇ ಬರೆಯಿರಿ ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ತಾನಾಗಿ ಹೋಗುವವರೆಗೆ ಕಾದರೆ ರಾತ್ರಿ ಹೋಗುತ್ತದೆ, ಶಾಫ್ಟನ್ನೂ ಕೆಡಿಸಿ ಹೋಗುತ್ತದೆ ಎಂದು ಸೇರಿಸಿದೆ. ಎರಡು ದಿನ ಬಿಟ್ಟು, ರೋಲರ್ ಸ್ವಚ್ಛಗೊಳಿಸಲು ಗಿರಣಿ ಹೇಗೂ ನಿಲ್ಲುವ ದಿನ, ಅನುಮತಿ ಕೊಟ್ಟರು.

ಆ ದಿನ ವಾಯರ್‌ಮನ್ ಸಪ್ಲೈ ತೆಗೆದು, ಬೀಗ ಹಾಕಿ, ಫಲಕ ತೂಗುಹಾಕಿದ. ನಮ್ಮ ಹುಡುಗನೊಬ್ಬ ತಕ್ಷಣ ಕೇಬಲ್ ಬಿಚ್ಚಲು ಹೋದಾಗ ಆತ ತಡೆದು ನಿಲ್ಲಿಸಿದ: “ತಮ್ಮಾ, ಹದಿನೈದು ನಿಮಿಷ ಕಾಯಬೇಕು. ಸ್ವಿಚ್ ತೆಗೆದರೂ ಈ ಪೆಟ್ಟಿಗೆಯ ಕೆಪಾಸಿಟರುಗಳಲ್ಲಿ ಜೀವ ಇರುತ್ತದೆ.” ಮೀಟರ್ ಹಿಡಿದು ಸೊನ್ನೆ ತೋರಿಸಿದ ಮೇಲೆಯೇ ಕೈ ಹಾಕಲು ಬಿಟ್ಟ. ಮೆಕ್ಯಾನಿಕಲ್ ಕೈಗಳಿಗೆ ಈ ಪಾಠ ಎಷ್ಟು ಸಲ ಹೇಳಿದರೂ ಕಡಿಮೆ. ನಿಂತ ಯಂತ್ರ ಸುರಕ್ಷಿತ ಎಂಬುದು ನಮ್ಮ ಕಣ್ಣಿನ ಅಭ್ಯಾಸ. ವಿದ್ಯುತ್ತಿಗೆ ನಿಲ್ಲುವುದೆಂದರೆ ಬೇರೆಯೇ.

ಬೇರಿಂಗ್ ಇಡಿಯಾಗಿ ಹೊರಗೆ ಬಂತು. ಕೈಯಲ್ಲಿ ತಿರುಗಿಸಿದರೆ ಸರಾಗವಾಗಿಯೇ ತಿರುಗುತ್ತಿತ್ತು. ನೋಡಿದವರು ಯಾರೂ ಕೆಟ್ಟಿದೆ ಎನ್ನುತ್ತಿರಲಿಲ್ಲ. ಗ್ರೀಸ್ ಮಾತ್ರ ಕಾಡಿಗೆಯಂತೆ ಕಪ್ಪಾಗಿತ್ತು. ಹೊರ ಉಂಗುರವನ್ನು ಎದುರುಬದುರು ಎರಡು ಕಡೆ ಗ್ರೈಂಡರಿನಿಂದ ಕೊಯ್ದೆವು; ಬಿಸಿಯಾಗದಂತೆ ಸ್ವಲ್ಪ ಸ್ವಲ್ಪವಾಗಿ, ನೀರು ಹನಿಸುತ್ತ. ಎರಡು ಹೋಳಾಗಿ ಬಿಟ್ಟಾಗ ಕಾಕಾ ಒಂದು ಹೋಳನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಬಟ್ಟೆಯಿಂದ ಒರೆಸಿ, ಟಾರ್ಚಿನ ಬೆಳಕಿಗೆ ಓರೆಯಾಗಿ ಹಿಡಿದರು.

ಗುಂಡುಗಳು ಓಡುವ ದಾರಿ ಕನ್ನಡಿಯಂತೆ ಹೊಳೆಯಬೇಕು. ಅಲ್ಲಿ ಸಾಲುಗಳಿದ್ದವು. ದಾರಿಗೆ ಅಡ್ಡವಾಗಿ, ಒಂದರ ಪಕ್ಕ ಒಂದು, ಅಳತೆ ಹಿಡಿದು ಎಳೆದಂತೆ ಸಮಾನ ಅಂತರದಲ್ಲಿ ಸಣ್ಣ ಸಣ್ಣ ಬೂದು ಗೆರೆಗಳು. ಎರೆ ಹೊಲದಲ್ಲಿ ಕೂರಿಗೆ ಹೊಡೆದು ಹೋದ ಮೇಲೆ ಬದುವಿನ ಮೇಲೆ ನಿಂತು ನೋಡಿದಂತೆ. ಉಗುರಿನಿಂದ ಸವರಿದರೆ ಟಕಟಕನೆ ತಗಲುತ್ತಿತ್ತು. ಗುಂಡುಗಳ ಹೊಳಪು ಹೋಗಿ ಮಂಜು ಕವಿದಂತಾಗಿತ್ತು. ಸವೆತ ಹೀಗಿರುವುದಿಲ್ಲ, ತುಕ್ಕು ಹೀಗಿರುವುದಿಲ್ಲ, ಧೂಳು ಸೇರಿದ ಗಾಯವೂ ಹೀಗಿರುವುದಿಲ್ಲ. ಕೈಪಿಡಿಯ ಚಿತ್ರ ನನ್ನ ಅಂಗೈಯಲ್ಲಿತ್ತು.

“ಯಾರು ಉತ್ತರು ಇದನ್ನು?” ಎಂದರು ಕಾಕಾ.

ಉತ್ತದ್ದು ವಿದ್ಯುತ್ತು. ವಿಎಫ್‌ಡಿ ಮೋಟಾರಿಗೆ ಕೊಡುವುದು ನಾವು ಪುಸ್ತಕದಲ್ಲಿ ಬರೆಯುವ ನುಣುಪಾದ ಅಲೆಯಲ್ಲ. ಅದರೊಳಗಿನ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚಿ ಕಡಿದಾದ ಏಟುಗಳನ್ನು ಕೊಡುತ್ತವೆ. ಸಾಮಾನ್ಯ ಸಪ್ಲೈಯಲ್ಲಿ ಮೂರು ಫೇಸುಗಳ ವೋಲ್ಟೇಜ್ ಯಾವ ಕ್ಷಣದಲ್ಲಿ ಕೂಡಿದರೂ ಸೊನ್ನೆ. ಇಲ್ಲಿ ಹಾಗಾಗುವುದಿಲ್ಲ, ಉಳಿಕೆಯೊಂದು ಸದಾ ಇರುತ್ತದೆ. ಆ ಉಳಿಕೆ ವೈಂಡಿಂಗಿನಿಂದ ಗಾಳಿಯ ಸಂದಿಯನ್ನು ದಾಟಿ ರೋಟರಿನ ಮೇಲೆ ವೋಲ್ಟೇಜ್ ಕಟ್ಟುತ್ತದೆ. ದೊಡ್ಡ ಮೋಟಾರುಗಳಲ್ಲಿ ಇನ್ನೊಂದು ದಾರಿಯೂ ಇದೆ: ಶಾಫ್ಟ್, ಎರಡು ಕಡೆಯ ಬೇರಿಂಗುಗಳು ಮತ್ತು ಮೋಟಾರಿನ ಮೈ ಸೇರಿ ಆಗುವ ಸುತ್ತಿನಲ್ಲಿ ಕರೆಂಟ್ ಹರಿಯುತ್ತದೆ. ತಿರುಗುವಾಗ ಗುಂಡುಗಳು ಉಂಗುರವನ್ನು ಮುಟ್ಟದೆ, ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪೊರೆಯ ಮೇಲೆ ತೇಲುತ್ತಿರುತ್ತವೆ. ವೋಲ್ಟೇಜ್ ಹೆಚ್ಚಾದಾಗ ಆ ಪೊರೆಯನ್ನು ಸೀಳಿ ಕಿಡಿ ಹಾರುತ್ತದೆ. ಒಂದೊಂದು ಕಿಡಿಯೂ ಉಕ್ಕಿನಲ್ಲಿ ಕಣ್ಣಿಗೆ ಕಾಣದ ಕುಳಿ ಮಾಡಿ, ಗ್ರೀಸನ್ನು ಸುಡುತ್ತದೆ. ಕೋಟ್ಯಂತರ ಕುಳಿಗಳಾದ ಮೇಲೆ ಗುಂಡುಗಳು ಅವುಗಳ ಮೇಲೆ ಕುಪ್ಪಳಿಸುತ್ತ ಕುಪ್ಪಳಿಸುತ್ತ ಅವನ್ನು ಸಾಲುಗಳಾಗಿ ಜೋಡಿಸುತ್ತವೆ. ನಾನು ಕೇಳಿದ ಊಳು ಆ ಕುಪ್ಪಳಿಸುವ ಸದ್ದು.

ಹೋಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎಲೆಕ್ಟ್ರಿಕಲ್ ಮುಖ್ಯಸ್ಥರ ಕೋಣೆಗೆ ಹೋದೆ. ಗೆದ್ದೆ ಎಂಬ ಹುಮ್ಮಸ್ಸು ನನ್ನಲ್ಲಿ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ದಾರಿಯಲ್ಲಿ ಅದನ್ನು ಇಳಿಸಿಕೊಂಡೆ. “ಸರ್, ನನಗೆ ಇದನ್ನು ಓದಲು ಪೂರ್ತಿ ಬರುವುದಿಲ್ಲ, ನೀವು ನೋಡಬೇಕು” ಎಂದು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಮಲ್ಟಿಮೀಟರ್ ತರಿಸಿ, ಓಡುವ ಮೋಟಾರಿನ ಶಾಫ್ಟಿಗೂ ಮೈಗೂ ನಡುವೆ ಹಿಡಿಸಿದರು; ಅರ್ಧ ವೋಲ್ಟೂ ತೋರಿಸಲಿಲ್ಲ. ಆದರೆ ಅವರು ಅಲ್ಲಿಗೆ ಬಿಡಲಿಲ್ಲ. “ಇಷ್ಟು ವೇಗದ ಏಟು ಇದಕ್ಕೆ ಕಾಣುವುದಿಲ್ಲ” ಎಂದು ತಾವೇ ಹೇಳಿ, ಆಸಿಲೋಸ್ಕೋಪ್ ಇರುವವರನ್ನು ಕರೆಸಿದರು. ತಿರುಗುವ ಶಾಫ್ಟಿಗೆ ಕಾರ್ಬನ್ ಎಳೆಗಳ ಕುಂಚ ತಾಗಿಸಿದಾಗ ತೆರೆಯ ಮೇಲೆ ಮುಳ್ಳುಗಳು ಎದ್ದವು. 20 ವೋಲ್ಟಿನವರೆಗೆ ಏರಿ, ತಟ್ಟನೆ ಸೊನ್ನೆಗೆ ಬೀಳುತ್ತಿದ್ದವು. ಬೀಳುವ ಒಂದೊಂದು ಗೆರೆಯೂ ಬೇರಿಂಗಿನೊಳಗೆ ಹಾರಿದ ಒಂದು ಕಿಡಿ. ಆ ತೆರೆಯ ಮುಂದೆ ನಾವಿಬ್ಬರೂ ಮೊದಲ ಬಾರಿಗೆ ಒಂದೇ ಯಂತ್ರವನ್ನು ನೋಡಿದೆವು ಎನಿಸುತ್ತದೆ.

ಹಂಗಾಮಿನ ಉಳಿದ ದಿನಗಳನ್ನು ಹೊಸ ಬೇರಿಂಗಿನ ಮೇಲೆ ಹೇಗೋ ದೂಡಿದೆವು. ಕಾರ್ಖಾನೆ ನಿಂತ ಮೇಲೆ ಇಬ್ಬರೂ ಕೂಡಿ ಪಟ್ಟಿ ಮಾಡಿದೆವು. ಹಿಂಬದಿಗೆ, ಹೊರ ಉಂಗುರದ ಮೇಲೆ ಸೆರಾಮಿಕ್ ಲೇಪನವಿರುವ ಬೇರಿಂಗ್. ಅದು ಸುತ್ತನ್ನು ಕಡಿಯುತ್ತದೆ. ಕಪ್ಲಿಂಗ್ ಕಡೆಗೆ, ಶಾಫ್ಟನ್ನು ಸದಾ ಮುಟ್ಟಿಕೊಂಡಿದ್ದು ವೋಲ್ಟೇಜನ್ನು ಭೂಮಿಗೆ ಇಳಿಸುವ ಕುಂಚದ ಉಂಗುರ. ಹಳೆಯ ಕೇಬಲ್ ತೆಗೆದು, ಸುತ್ತಲೂ ಲೋಹದ ಹೊದಿಕೆ ಇರುವ, ಮೂರೂ ತಂತಿಗಳು ಸಮನಾಗಿ ಕೂತ ಕೇಬಲ್. ಆ ಹೊದಿಕೆಯನ್ನು ಎರಡೂ ತುದಿಯಲ್ಲಿ ಸುತ್ತ ಪೂರ್ತಿ ಹಿಡಿಯುವ ಕೇಬಲ್ ಗ್ಲ್ಯಾಂಡ್. ಮತ್ತೆ ಅರ್ಥಿಂಗ್. ಇಲ್ಲಿ ನನಗೆ ಒಂದು ಹೊಸ ವಿಷಯ ತಿಳಿಯಿತು. ಅರ್ಥಿಂಗ್ ಎಂದರೆ ನಮಗೆ ಗುಂಡಿ, ಇದ್ದಿಲು, ಉಪ್ಪು, ಬೇಸಿಗೆಯಲ್ಲಿ ಎರೆ ಮಣ್ಣು ಬಿರುಕು ಬಿಟ್ಟಾಗ ಸುರಿಯುವ ಕೊಡ ನೀರು. ಅದೆಲ್ಲ ಬೇಕು. ಆದರೆ ಈ ವೇಗದ ಏಟಿಗೆ ಉದ್ದನೆಯ ದುಂಡು ತಂತಿ ದಾರಿಯೇ ಅಲ್ಲ. ಅಗಲವಾದ, ಗಿಡ್ಡನೆಯ, ಹೆಣೆದ ತಾಮ್ರದ ಪಟ್ಟಿ ಬೇಕು. ಮೋಟಾರಿನ ಮೈಯಿಂದ ಫ್ಯಾನಿನ ಬೇರಿಂಗ್ ಪೀಠಕ್ಕೂ ಅಂಥ ಪಟ್ಟಿ ಕಟ್ಟಬೇಕು. ಇಲ್ಲದಿದ್ದರೆ ಮೋಟಾರಿನಿಂದ ಓಡಿಸಿದ ಕರೆಂಟ್ ಕಪ್ಲಿಂಗ್ ದಾಟಿ ಫ್ಯಾನಿನ ಬೇರಿಂಗ್ ತಿನ್ನುತ್ತದೆ. ಪೀಠದ ಬಣ್ಣ ಕೆರೆದು ಲೋಹ ಕಾಣಿಸಿ ಬೋಲ್ಟ್ ಬಿಗಿಯುವ ಕೆಲಸ ಯಾರದು ಎಂದು ಈ ಬಾರಿ ಯಾರೂ ಕೇಳಲಿಲ್ಲ. ಕಾಕಾ ಕೆರೆದರು, ವಾಯರ್‌ಮನ್ ಬಿಗಿದ.

ಲೇಪನದ ಬೇರಿಂಗ್ ಇಲ್ಲಿ ಸಿಗಲಿಲ್ಲ. ಮೋಟಾರನ್ನು ಹೇಗೂ ವಾರ್ನಿಷ್ ಮಾಡಿಸಬೇಕಿತ್ತು; ಲಾರಿಯಲ್ಲಿ ಹೇರಿಕೊಂಡು ಯರಗಟ್ಟಿ ಮಾರ್ಗವಾಗಿ ಬೆಳಗಾವಿಗೆ ಹೋದೆವು. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಉದ್ಯಮಬಾಗದಲ್ಲಿ ಫೌಂಡ್ರಿಗಳ ನಡುವಿನ ಒಂದು ರಿಪೇರಿ ಶೆಡ್ಡಿನಲ್ಲಿ ಮೋಟಾರು ಇಳಿಸಿ, ನಮ್ಮ ಉಂಗುರದ ಹೋಳನ್ನು ಮಾಲೀಕರಿಗೆ ತೋರಿಸಿದೆ. ಅವರು ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದು ಬಗ್ಗಿಸಿದರು. ಅದರ ತುಂಬ ಇಂಥವೇ ಹೋಳುಗಳು, ಚಿಕ್ಕವು ದೊಡ್ಡವು, ಎಲ್ಲದರ ಮೇಲೂ ಅದೇ ಕೂರಿಗೆಯ ಸಾಲು. “ಎಲ್ಲರೂ ಬೇರಿಂಗ್ ಹಾಕಿಸಿಕೊಂಡು ಹೋಗುತ್ತಾರೆ. ಯಾಕೆ ಹೋಯಿತು ಎಂದು ಕೇಳುವವರು ಕಡಿಮೆ” ಎಂದರು. ನನಗೆ ಆ ಡಬ್ಬಿಯನ್ನು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಒಂದೊಂದು ಹೋಳಿನ ಹಿಂದೆಯೂ ಯಾವುದೋ ಊರಿನಲ್ಲಿ ನಿದ್ದೆಗೆಟ್ಟ ಒಂದು ರಾತ್ರಿ, ಬೆಳಗಿನ ಸಭೆಯಲ್ಲಿ ತಲೆ ತಗ್ಗಿಸಿದ ಒಬ್ಬ ಫಿಟ್ಟರ್ ಅಥವಾ ಇಂಜಿನಿಯರ್ ಇರಬೇಕಲ್ಲವೇ?

ಮುಂದಿನ ಹಂಗಾಮಿನ ಮೊದಲ ವಾರದಲ್ಲಿ ಮತ್ತೆ ಶಾಫ್ಟಿಗೆ ಕುಂಚ ಹಿಡಿದು ನೋಡಿದೆವು. ಮುಳ್ಳುಗಳು 2 ವೋಲ್ಟಿನ ಒಳಗಿದ್ದವು. ಎಳ್ಳು ಅಮಾವಾಸ್ಯೆ ಬಂತು, ಹೋಯಿತು. ಆ ರಾತ್ರಿ ನನಗೆ ಪಾಳಿ ಇರಲಿಲ್ಲ, ಆದರೂ ಹತ್ತು ಗಂಟೆಗೆ ಹೋಗಿ ಸ್ಕ್ರೂಡ್ರೈವರ್ ಇಟ್ಟು ಕೇಳಿ ಬಂದೆ. ದೂರದ ಮಳೆ. ಹಂಗಾಮು ಮುಗಿದ ಮೇಲೆ ಮುಚ್ಚಳ ತೆಗೆದು ನೋಡಿದಾಗ ಗ್ರೀಸ್ ಹಾಕಿದ ಬಣ್ಣದಲ್ಲಿಯೇ ಇತ್ತು, ಗುಂಡಿನಲ್ಲಿ ಟಾರ್ಚಿನ ಬೆಳಕು ಚುಕ್ಕೆಯಾಗಿ ಕಾಣುತ್ತಿತ್ತು.

ಆ ಮಾರ್ಚಿನ ಆರು ಗಂಟೆಗಳ ವಿಷಯ ಹೇಳಬೇಕು. ವರದಿ ಬರೆಯುವ ಗುಮಾಸ್ತರು ಅದನ್ನು ಮೆಕ್ಯಾನಿಕಲ್ ಕಾಲಂನಲ್ಲಿ ಬರೆದಿದ್ದರು, ನಾನೇ ಒಪ್ಪಿಕೊಂಡಿದ್ದೆ. ತಿಂಗಳ ಕೊನೆಗೆ ಒಟ್ಟು ಲೆಕ್ಕ ನೋಡುವಾಗ ಅಲ್ಲಿ ಮೂರು ಗಂಟೆ ಮಾತ್ರ ಇತ್ತು. ಉಳಿದ ಮೂರು ಪಕ್ಕದ ಕಾಲಂನಲ್ಲಿ, ಎಲೆಕ್ಟ್ರಿಕಲ್ ಮುಖ್ಯಸ್ಥರ ಚಿಕ್ಕ ಸಹಿಯೊಂದಿಗೆ. ಅದರ ಬಗ್ಗೆ ಅವರು ನನಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಎರಡೂ ವಿಭಾಗದ ನಿರ್ವಹಣೆ ಬಾಯ್ಲರ್ ಮಟ್ಟಿಗೆ ನನ್ನ ಕೈಯಲ್ಲಿದೆ. ಸ್ಟೋರಿನಲ್ಲಿ ಒಂದು ಕಪಾಟು ಬೇರೆ ಇಡಿಸಿದ್ದೇನೆ. ಯಂತ್ರದಿಂದ ಹೊರಬಂದ ಯಾವ ಬೇರಿಂಗೂ ಗುಜರಿಗೆ ಹೋಗುವ ಮುಂಚೆ ಕೊಯ್ದು, ಒರೆಸಿ, ಮೋಟಾರಿನ ಹೆಸರು, ದಿನಾಂಕ ಬರೆದ ಚೀಟಿ ಕಟ್ಟಿ ಅಲ್ಲಿ ಕೂರಬೇಕು. ಮೊದಲ ಚೀಟಿಯದು ಆ ಹೋಳು.

ಈ ವರ್ಷ ಎರಡನೆಯ ಐಡಿ ಫ್ಯಾನಿಗೂ ವಿಎಫ್‌ಡಿ ಬಂದಿದೆ. ಪೆಟ್ಟಿಗೆ ಇಳಿಸುತ್ತಿದ್ದಾಗ ಕಾಕಾ ಬಂದು ಸುತ್ತಲೂ ನೋಡಿ, ಅಳವಡಿಸಲು ಬಂದ ಹುಡುಗನನ್ನು ಕೇಳಿದರು: “ತಮ್ಮಾ, ತಾಮ್ರದ ಪಟ್ಟಿ ಎಲ್ಲಿದೆ?”